ಯಂತ್ರವಿವರಣ ಕಡತಗಳಲ್ಲಿ ಪುನರುಕ್ತಿಯ ನಿವಾರಣೆ

ಯಂತ್ರಾಂಗಗಳನ್ನು ವೃಕ್ಷರೂಪದಲ್ಲಿ ನಿರೂಪಿಸುವ ಪದ್ಧತಿಯು ಸನ್ ಸಂಸ್ಥೆಯ ಓಪನ್‌ಬೂಟ್‌ನಲ್ಲಿ ರೂಢಿಗೊಂಡು, ೧೯೯೪ರಲ್ಲಿ ಐಇಇಇ ೧೨೭೫ ಎಂಬ ಮಾನಕವಾಯಿತು. ಲಿನಕ್ಸಿನ ಆರ್ಮ್ ವಿಭಾಗದ ಅಸ್ತವ್ಯಸ್ತ ಬೆಳವಣಿಗೆಯನ್ನು ೨೦೧೧ರ ಮಾರ್ಚ್ ತಿಂಗಳಲ್ಲಿ ಲೀನಸ್ ಟೋರ್ವಾಲ್ಡ್ಸ್ ಖಂಡಿಸಿದ ಬಳಿಕ, ಒಂದೊಂದು ಫಲಕದ ವಿವರವೂ ಕ್ರಮೇಣ ‘ಡಿವೈಸ್ ಟ್ರೀ’ ಕಡತಗಳಿಗೆ ಸಾಗಿತು. ೨೦೧೨ರ ಜನವರಿಯಲ್ಲಿ ಹೊರಬಂದ ೩.೨ನೆಯ ಆವೃತ್ತಿಯಲ್ಲಿ ಪಿನ್ ನಿಯಂತ್ರಣದ ಪ್ರತ್ಯೇಕ ವ್ಯವಸ್ಥೆಯೂ ಸೇರಿತು.

ಆದರೆ ಹೊರೆಯು ಸ್ಥಳಾಂತರಗೊಂಡಿತೇ ಹೊರತು ಅಳಿಯಲಿಲ್ಲ. ಚಿಪ್ಪಿನ ಮೂಲ ಕಡತದಲ್ಲಿದ್ದ ಪಿನ್ ನಿಯೋಜನೆಯನ್ನೇ ಫಲಕದ ಕಡತಗಳು ಮರಳಿ ಬರೆದುಕೊಂಡವು. ಒಂದೇ ಗುಣಕ್ಕೆ ಎರಡು ಉಕ್ತಿಗಳಿದ್ದಲ್ಲಿ ಕಡೆಯದೇ ಪ್ರಬಲ. ಆದುದರಿಂದ ಮೂಲವನ್ನು ತಿದ್ದಿದರೂ ನಕಲು ಹಳೆಯದನ್ನೇ ಹೇರುವುದು. ಹಸ್ತಪ್ರತಿಗಳಲ್ಲಿರುವಂತೆ ಇಲ್ಲಿಯೂ ಪ್ರತಿಗಳ ಸಂಖ್ಯೆಯು ಸಾಕ್ಷ್ಯದ ಬಲವಲ್ಲ. ನಕಲನ್ನು ಅಳಿಸುವುದೇ ಯುಕ್ತ. ಆದರೂ ಬೂಟ್‌ಲೋಡರು ಉಳಿಸಿಹೋದ ಸ್ಥಿತಿಯನ್ನು ಸರಿಪಡಿಸುವ ಸಾಲು ಸಹ ಪುನರುಕ್ತಿಯಂತೆ ತೋರಬಹುದು. ಅದನ್ನು ಪರೀಕ್ಷಿಸದೆ ಅಳಿಸತಕ್ಕದ್ದಲ್ಲ.