ಹಳೆಯ ಕಾರಿನ ಎಂಜಿನ್: ಪುನರ್ಜೋಡಣೆ ಮತ್ತು ಪಳಗಿಸುವಿಕೆ

ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸಿದ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಲೆಕ್ಕವಿಟ್ಟು ಓಡಿಸಿ, ಅದರ ಹೊಸ ಮೈಗಳು ಒಂದಕ್ಕೊಂದು ಒಗ್ಗುವಂತೆ ಮಾಡುವ ಕ್ರಮವೇ ಪಳಗಿಸುವಿಕೆ. ಗ್ಯಾರೇಜಿನ ಮಾತಿನಲ್ಲಿ ಇದು ‘ರನ್ನಿಂಗ್ ಇನ್’. ಆಗಷ್ಟೇ ಬೋರಿಂಗ್ ಆದ, ಅಂದರೆ ಒಳಮೈ ಕೊರೆದು ತುಸು ಹಿಗ್ಗಿಸಿದ, ಸಿಲಿಂಡರಿನ ಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಭೂತಗನ್ನಡಿಯಡಿ ಉತ್ತ ಹೊಲದಂತಿರುತ್ತದೆ. ಆ ಸಾಲುಗಳ ಏಣನ್ನು ಪಿಸ್ಟನ್ ರಿಂಗುಗಳು ಸವರಿಕೊಂಡು ಕೂರುವುದು ಮೊದಲ ಕೆಲವು ಗಂಟೆಗಳಲ್ಲಿ. ಆ ಅವಕಾಶ ತಪ್ಪಿದರೆ ಹೊಗೆ ಉಗುಳುವ, ಆಯಿಲ್ ಕುಡಿಯುವ ಎಂಜಿನ್ ಉಳಿಯುತ್ತದೆ. ಅದಕ್ಕೆ ಮತ್ತೆ ಬಿಚ್ಚುವುದೊಂದೇ ದಾರಿ.

ರಾಯಚೂರು, ಮಾನ್ವಿ, ದೇವದುರ್ಗದಂಥ ಬಿಸಿಲುಸೀಮೆಯ ಊರುಗಳಲ್ಲಿ ಈ ಕೆಲಸಕ್ಕೆ ಅಂಬಾಸಿಡರ್ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿದ ಈ ಕಾರು ಬಂಗಾಳದ ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ 2014ರ ಮೇ ತಿಂಗಳವರೆಗೂ ತಯಾರಾಯಿತು. ಅದರ ಹಳೆಯ ಪೆಟ್ರೋಲ್ ಎಂಜಿನ್ 1489 ಸಿಸಿಯದು: ಬೋರ್ 73.025 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ಕ್ರ್ಯಾಂಕ್ ಹೊರಲು ಮೂರು ಮೇನ್ ಬೇರಿಂಗು. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯಟ್ ಮತ್ತು ಪದ್ಮಿನಿಯ 1089 ಸಿಸಿ ಎಂಜಿನ್ ಗಾತ್ರದಲ್ಲಿ ಚಿಕ್ಕದು, ಅದರ ಹೆಡ್ ಅಲ್ಯೂಮಿನಿಯಂ. ಎರಡರಲ್ಲೂ ಬ್ಲಾಕ್ ಬೀಡುಕಬ್ಬಿಣದ್ದೇ. ಆದ್ದರಿಂದಲೇ ಇವನ್ನು ಒಂದಕ್ಕಿಂತ ಹೆಚ್ಚು ಸಲ ಬೋರ್ ಮಾಡಬಹುದು.

ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ, ಪಿಸ್ಟನ್ ಒರಗುವ ಪಕ್ಕಕ್ಕೆ ಹೆಚ್ಚು ಸವೆದು ದುಂಡು ಹೋಗಿ ಮೊಟ್ಟೆಯಾಕಾರ ಬಂದಿರುತ್ತದೆ. ಬೋರಿಂಗ್ ಮಾಡುವವರು ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಅಡ್ಡಡ್ಡ ಎರಡು ದಿಕ್ಕಿಗೆ ಇಟ್ಟು ಅಳೆದು, ಕಾಲು ಮಿಲಿಮೀಟರ್ ಸಾಕೋ ಅರ್ಧ ಬೇಕೋ ನಿರ್ಧರಿಸುತ್ತಾರೆ. ಒಂದು ಮಿಲಿಮೀಟರ್ ದೊಡ್ಡದು ಮಾಡಿದರೆ 1489 ಸಿಸಿ ಸುಮಾರು 1530ಕ್ಕೆ ಏರುತ್ತದೆ. ಅದರಾಚೆಗೆ ಸ್ಲೀವ್ ಎಂಬ ಒಳಕೊಳವೆ ಹೊಡೆದು ಮೂಲ ಅಳತೆಗೆ ಮರಳುವುದೇ ಲೇಸು. ಟ್ರ್ಯಾಕ್ಟರ್, ಲಾರಿ, ಪಂಪ್‌ಸೆಟ್ಟುಗಳ ಬ್ಲಾಕು ಬರುವ ಲೇಥ್ ಅಂಗಡಿಗೆ ಇದು ಅಪರಿಚಿತ ಕೆಲಸವಲ್ಲ. ಲೇಥಿನ ವಿಷಯದಲ್ಲಿ ಕನ್ನಡ ನಾಡಿನ ಹೆಸರೂ ದೊಡ್ಡದು: ಲೇಥ್ ತಯಾರಿಸುತ್ತಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಆರಂಭವಾಯಿತು. ಗೋಯೆಟ್ಜೆ ಹೆಸರಿನ ಪಿಸ್ಟನ್ ರಿಂಗುಗಳು ಬೆಂಗಳೂರಿನ ಯಲಹಂಕದಲ್ಲಿ ತಯಾರಾದರೆ, ಮೈಕೋ ಸ್ಪಾರ್ಕ್ ಪ್ಲಗ್ಗುಗಳು ಬಂದದ್ದೂ ಬೆಂಗಳೂರಿನಿಂದಲೇ.

ಬೋರಿನ ನಂತರ ಹೋನಿಂಗ್. ಕಲ್ಲು ಮೇಲೆ ಕೆಳಗೆ ಆಡುತ್ತ ತಿರುಗಿ ಗೋಡೆಯ ಮೇಲೆ ಓರೆ ಗೆರೆಗಳ ಜಾಲ ಬಿಡುತ್ತದೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಆದರೆ ಕಲ್ಲಿನ ಪುಡಿಯೂ ಅಲ್ಲೇ ಕೂರುತ್ತದೆ, ಅನೇಕರು ಎಡವುವುದೂ ಇಲ್ಲೇ. ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿದರೆ ಜಿಡ್ಡು ಹೋಗುತ್ತದೆ, ಪುಡಿ ಉಳಿಯುತ್ತದೆ. ಬಿಸಿನೀರು, ಸೋಪು, ಗಟ್ಟಿ ಬ್ರಷ್ಷು ಹಿಡಿದು ಉಜ್ಜಿ, ಒಣಗಿಸಿ, ಆಯಿಲ್ ಸವರಿದ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಬಟ್ಟೆಗೆ ಬೂದುಬಣ್ಣ ಹತ್ತುತ್ತಿರುವಷ್ಟು ಕಾಲ ತೊಳೆಯುವ ಕೆಲಸ ಮುಗಿದಿಲ್ಲ. ಕ್ರ್ಯಾಂಕಿನ ಆಯಿಲ್ ರಂಧ್ರಗಳಿಗೂ ಇದೇ ಮಾತು. ಗ್ರೈಂಡಿಂಗಿನ ಚೂರೊಂದು ಒಳಗುಳಿದರೆ ಹೊಸ ಬೇರಿಂಗಿಗೆ ಮೊದಲ ದಿನವೇ ಗೀರು ಬೀಳುತ್ತದೆ.

ಹೆಡ್ಡಿನ ಪ್ರಶ್ನೆ ಬೇರೆ. ಸೀಸದ ಪೆಟ್ರೋಲಿನ ಕಾಲದಲ್ಲಿ ಆ ಸೀಸವೇ ವಾಲ್ವಿಗೂ ಬೀಡುಕಬ್ಬಿಣದ ಸೀಟಿಗೂ ನಡುವೆ ತೆಳು ಪದರವಾಗಿ ಕಾಯುತ್ತಿತ್ತು. ಭಾರತದಾದ್ಯಂತ 2000ದ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲ್ ಬಂತು. ಅಂದಿನಿಂದ ದೂರ ಓಡುವ ಹಳೆಯ ಹೆಡ್ಡುಗಳಲ್ಲಿ ಎಕ್ಸಾಸ್ಟ್ ಸೀಟು ಸವೆದು ವಾಲ್ವ್ ಒಳಗಿಳಿಯುವ ಭಯವಿದೆ. ಹೇಗಿದ್ದರೂ ಹೆಡ್ ಬಿಚ್ಚಿದ್ದಾಗ ಗಟ್ಟಿ ಸೀಟು ಕೂರಿಸುವುದು ಜಾಣತನ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಹರಡಿದೆ. ಅದು ಹಳೆಯ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಪಂಪಿನ ಡಯಾಫ್ರಂ, ಪೈಪು, ಕಾರ್ಬ್ಯುರೇಟರ್ ಗ್ಯಾಸ್ಕೆಟ್ಟುಗಳನ್ನು ಎಥನಾಲಿಗೆ ತಡೆಯುವ ಬಗೆಯವಕ್ಕೆ ಬದಲಿಸದೆ ಎಂಜಿನ್ ಮಾತ್ರ ಹೊಸದು ಮಾಡಿದರೆ ಕೆಲಸ ಅರ್ಧಕ್ಕೇ ನಿಂತಂತೆ.

ಜೋಡಿಸುವಾಗ ಬೇರಿಂಗು, ಕ್ಯಾಮಿನ ಉಬ್ಬು, ಟ್ಯಾಪೆಟ್ಟಿನ ತಳ ಎಲ್ಲಕ್ಕೂ ಆಯಿಲ್ ಅಥವಾ ಅಸೆಂಬ್ಲಿ ಲೂಬ್ ಸವರುತ್ತಾರೆ. ರಿಂಗಿನ ಬಾಯಿ ಬೋರಿನ ಪ್ರತಿ ಇಂಚಿಗೆ ಸುಮಾರು 3ರಿಂದ 4 ಥೌ, ಅಂದರೆ ಇಂಚಿನ ಸಾವಿರದಲ್ಲಿ ಮೂರು ನಾಲ್ಕು ಭಾಗ, ತೆರೆದಿರಬೇಕು. ಕಾದಾಗ ಬಾಯಿ ಪೂರ್ತಿ ಮುಚ್ಚಿದರೆ ರಿಂಗು ಗೋಡೆಯನ್ನು ಕೆರೆಯುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಪ್ಲಗ್ಗುಗಳನ್ನು ತೆಗೆದಿಟ್ಟು, ಆಯಿಲ್ ಪ್ರೆಷರ್ ಏರುವವರೆಗೆ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಬೇಕು. ಬಿಗಿ ಎಂಜಿನ್ನನ್ನು ಜೀಪಿಗೆ ಹಗ್ಗ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡುವ ಹಳೆಯ ಪದ್ಧತಿ ಒಣ ಬೇರಿಂಗುಗಳ ಮೇಲೆ ನಡೆಸುವ ಹಿಂಸೆ. ಕೈಯಲ್ಲಿ ತಿರುಗದಷ್ಟು ಬಿಗಿ ಇದ್ದರೆ ಜೋಡಣೆಯಲ್ಲೇ ತಪ್ಪಿದೆ ಎಂದರ್ಥ, ಬಿಚ್ಚಿ ನೋಡಬೇಕು.

ಎಂಜಿನ್ ಮೊದಲ ಸಲ ಹತ್ತಿಕೊಂಡಾಗ ಅದನ್ನು ಐಡಲ್‌ನಲ್ಲಿ ಬಿಡಬಾರದು. ಚಪ್ಪಟೆ ತಳದ ಟ್ಯಾಪೆಟ್ ಇರುವ ಇಂಥ ಎಂಜಿನ್ನುಗಳಲ್ಲಿ ಕ್ಯಾಮಿಗೆ ಆಯಿಲ್ ಸಿಗುವುದು ಬಹುಮಟ್ಟಿಗೆ ತಿರುಗುವ ಕ್ರ್ಯಾಂಕ್ ಎರಚಿದಾಗ. ವೇಗ ಕಡಿಮೆಯಾದರೆ ಎರಚಲೂ ಕಡಿಮೆ. ಆದ್ದರಿಂದ ಟೈಮಿಂಗ್, ಕಾರ್ಬ್ಯುರೇಟರ್, ರೇಡಿಯೇಟರ್ ನೀರು ಎಲ್ಲ ಮೊದಲೇ ಸರಿಮಾಡಿಟ್ಟುಕೊಂಡು, ನಿಮಿಷಕ್ಕೆ 1500ರಿಂದ 2500 ಸುತ್ತಿನ ನಡುವೆ ಏರಿಸುತ್ತ ಇಳಿಸುತ್ತ 20 ನಿಮಿಷ ಓಡಿಸುವುದು ರೂಢಿ. ಝಿಂಕ್ ಅಂಶ ಹೆಚ್ಚಿರುವ ಮಿನರಲ್ ಆಯಿಲ್ ಇದಕ್ಕೆ ತಕ್ಕದ್ದು, ಸಿಂಥೆಟಿಕ್ ಆಮೇಲಿನ ಮಾತು.

ಹೊಸ ಎಂಜಿನ್ನನ್ನು ರಾತ್ರಿಯಿಡೀ ಸ್ಲೋದಲ್ಲಿ ಬಿಡಬೇಕು, ಸಾವಿರ ಕಿಲೋಮೀಟರ್ ಮೆಲ್ಲಗೆ ಸಾಗಬೇಕು ಎಂಬ ನಂಬಿಕೆ ಇನ್ನೂ ಬಲವಾಗಿದೆ. ಅದು ತಪ್ಪು ಕಾಳಜಿ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ವಂತ ಬಿಗುವಿಗಿಂತ ಹೆಚ್ಚಾಗಿ ಅದರ ಬೆನ್ನಿಗೆ ನುಗ್ಗುವ ದಹನದ ಒತ್ತಡ. ಹೊರೆ ಇಲ್ಲದಿದ್ದರೆ ಆ ಒತ್ತಡವಿಲ್ಲ. ಓರೆ ಗೆರೆಗಳ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ, ಮುಂದೆ ರಿಂಗು ಕೂರುವುದೇ ಇಲ್ಲ. ಹೋರಿಯನ್ನು ನೊಗಕ್ಕೆ ಪಳಗಿಸುವ ರೈತ ಅದನ್ನು ಗೂಟದಲ್ಲೇ ಕಟ್ಟಿಡುವುದಿಲ್ಲ, ಮೊದಲ ದಿನವೇ ತುಂಬಿದ ಬಂಡಿಗೂ ಹೂಡುವುದಿಲ್ಲ. ಎಂಜಿನ್ನಿಗೂ ಬೇಕಾದದ್ದು ಅಂಥ ನಡುವಿನ ಹೊರೆ.

ರಾಯಚೂರಿನಿಂದ ಕಲ್ಲೂರಿನ ಮೇಲೆ ಮಾನ್ವಿಗೋ, ಗಬ್ಬೂರಿನ ಮೇಲೆ ದೇವದುರ್ಗಕ್ಕೋ ಹೋಗುವ ಬಯಲು ದಾರಿ ಇದಕ್ಕೆ ಒದಗುತ್ತದೆ. ಮೂರನೆಯ ಗೇರಿನಲ್ಲಿ 30ರಿಂದ 50 ಕಿ.ಮೀ. ವೇಗದವರೆಗೆ ಅರ್ಧ ಥ್ರಾಟಲ್ ಕೊಟ್ಟು ಏರಿಸಿ, ಕಾಲು ತೆಗೆದು ಮತ್ತೆ 30ಕ್ಕೆ ಇಳಿಯಲು ಬಿಡುವುದು. ಹೀಗೆ ಹತ್ತಾರು ಸಲ. ಏರುವಾಗ ರಿಂಗು ಒತ್ತುತ್ತದೆ, ಇಳಿಯುವಾಗ ನಿರ್ವಾತ ಆಯಿಲನ್ನು ಮೇಲೆಳೆದು ಗೋಡೆಯನ್ನು ತಣಿಸುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ಮುಕ್ಕುವಂತೆ ಎಳೆಸುವುದು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಸಾಗುವುದು ಎರಡೂ ಸಲ್ಲದು. ಅಂಬಾಸಿಡರ್ ಎಂಜಿನ್ನಿನ ತವರಾದ ಬ್ರಿಟನ್ನಿನಲ್ಲಿ ಕಾರಿನ ಜೊತೆ ಬರುತ್ತಿದ್ದ ಕೈಪಿಡಿಗಳು ಮೊದಲ 500 ಮೈಲಿಯವರೆಗೆ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿ.ಮೀ., ದಾಟಬಾರದು ಎನ್ನುತ್ತಿದ್ದವು. ಭತ್ತದ ಸುಗ್ಗಿಯಲ್ಲಿ ಮಾನ್ವಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕಾದರೆ ಬೆಳಗಿನ ಜಾವವೇ ಹೊರಡುವುದು ಒಳ್ಳೆಯದು.

ಈ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸ ಎಂಜಿನ್ ತಿಕ್ಕಾಟದಿಂದಲೇ ಹೆಚ್ಚು ಕಾಯುತ್ತದೆ, ಬೇಸಿಗೆಯಲ್ಲಿ ಇಲ್ಲಿನ ತಾಪ 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇ ಬಿಟ್ಟು ದೀಪಾವಳಿಯಿಂದ ಸಂಕ್ರಾಂತಿಯ ನಡುವೆ ಪಳಗಿಸಿದರೆ ಅರ್ಧ ಚಿಂತೆ ಕಡಿಮೆ. ಬೋರ್‌ವೆಲ್ಲಿನ ಗಡಸು ನೀರು ಬ್ಲಾಕಿನ ನೀರ್ದಾರಿಯಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರು ಅಥವಾ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕುವುದು ಸರಿ. ಎರೆಹೊಲದ ಧೂಳು ತಡೆಯುವ ಆಯಿಲ್‌ಬಾತ್ ಏರ್ ಕ್ಲೀನರಿಗೂ ಹೊಸ ಆಯಿಲ್ ಬೇಕು.

ಮೊದಲ 20 ನಿಮಿಷದ ಆಯಿಲನ್ನು ಫಿಲ್ಟರ್ ಸಮೇತ ಚೆಲ್ಲುವುದು ದುಂದಲ್ಲ, ಸವೆದ ಲೋಹದ ಪುಡಿ ಇರುವುದು ಅದರಲ್ಲೇ. ಎರಡನೆಯ ಬದಲಾವಣೆ 500 ಕಿ.ಮೀ. ಹೊತ್ತಿಗೆ. ಗ್ಯಾಸ್ಕೆಟ್ ಕುಗ್ಗಿರುವುದರಿಂದ ಹೆಡ್ ನಟ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿದು, ಬಳಿಕ ಟ್ಯಾಪೆಟ್ ಸಂದು ಹೊಂದಿಸಬೇಕು. ಅಂಬಾಸಿಡರಿನಲ್ಲಿ ಅದು 15 ಥೌ. ಹೆಡ್ ಮತ್ತೆ ಬಿಗಿಯುವುದನ್ನು ಮರೆತ ಗಾಡಿಗಳೇ ಗ್ಯಾಸ್ಕೆಟ್ ಒಡೆದುಕೊಂಡು ಗ್ಯಾರೇಜಿಗೆ ಮರಳುತ್ತವೆ.

ಕಾನೂನಿನ ಕಡೆಯಿಂದ ಇನ್ನೊಂದು ಎಚ್ಚರಿಕೆ. 2021ರ ಜುಲೈಯಲ್ಲಿ ಪ್ರಕಟವಾದ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನ ‘ವಿಎ’ ಅಕ್ಷರವಿರುವ ವಿಂಟೇಜ್ ನೋಂದಣಿ ಪಡೆಯಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಒಂದು ಕಾಲದಲ್ಲಿ ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸುವುದು ಸಾಮಾನ್ಯವಾಗಿತ್ತು, ಅಂಥ ಗಾಡಿಗೆ ಈ ಬಾಗಿಲು ಕಷ್ಟ. ಮೂಲ ಬ್ಲಾಕನ್ನೇ ಬೋರ್ ಮಾಡಿಸಿದರೆ ಅದರ ಮೇಲಿನ ಎಂಜಿನ್ ನಂಬರ್ ಆರ್‌ಸಿ ಪುಸ್ತಕದಲ್ಲಿರುವಂತೆಯೇ ಉಳಿಯುತ್ತದೆ.