ನೊಗದಿಂದ ಮೂರು ಪಿನ್ನಿಗೆ

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದವು. ಅಲ್ಲಿಯವರೆಗೆ ಕೃಷಿಕರಲ್ಲದವರಿಗೂ, ಬೇರೆ ಕಡೆಯಿಂದ ಹೆಚ್ಚು ವರಮಾನ ಇದ್ದವರಿಗೂ ರಾಜ್ಯದಲ್ಲಿ ಹೊಲ ಕೊಳ್ಳಲು ಅಡ್ಡಿಯಿತ್ತು. ಅಡ್ಡಿ ಹೋದ ಮೇಲೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಸಂಬಳ ಎಣಿಸುವವರೂ ಊರ ಕಡೆ ಎರಡು ಮೂರು ಎಕರೆ ನೋಡಬಹುದಾಯಿತು. ಪಹಣಿ ಕೈಗೆ ಬಂದು, ಬೇಲಿ ಎದ್ದು, ಬೋರ್‌ವೆಲ್ ಕೊರೆಸಿದ್ದಾದ ಮೇಲೆ ಪುಟ್ಟ ಟ್ರ್ಯಾಕ್ಟರಿನ ಮಾತು ಬರುತ್ತದೆ. ಟ್ರ್ಯಾಕ್ಟರ್ ಆರಿಸುವುದು ಅಷ್ಟೇನೂ ಕಷ್ಟವಲ್ಲ. ಅದರ ಹಿಂದೆ ಏನು ಕಟ್ಟಬೇಕು ಎನ್ನುವಲ್ಲಿ ಹೊಸಬರು ತಡವರಿಸುತ್ತಾರೆ. ಅಂಗಡಿಯ ಅಂಗಳದಲ್ಲಿ ಕಲ್ಟಿವೇಟರ್, ರೋಟವೇಟರ್, ಪಲ್ಟಿ ನೇಗಿಲು, ಗುಂಡಿ ತೋಡುವ ಬೈರಿಗೆ, ಟ್ರೇಲರ್ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಎಲ್ಲವೂ ಬೇಕೆನಿಸುತ್ತದೆ.

ಅಜ್ಜನ ಕಾಲದಲ್ಲೂ ಎಳೆಯುವುದಕ್ಕೆ ಒಂದೇ ಜೋಡಿ ಎತ್ತು, ಆದರೆ ಹಿಂದೆ ಕಟ್ಟುವ ಸಾಮಾನು ಹಲವು. ನೇಗಿಲು, ಕುಂಟೆ, ಕೂರಿಗೆ, ಎಡೆಕುಂಟೆ, ಮಣ್ಣು ಸಮ ಮಾಡುವ ಕೊರಡು, ಇವೆಲ್ಲಕ್ಕೂ ಅದೇ ನೊಗ. ನೇಗಿಲಿನ ಈಸನ್ನು ನೊಗಕ್ಕೆ ತುಸು ಮುಂದೆಯೋ ಹಿಂದೆಯೋ ಕಟ್ಟಿದರೆ ಗುಳ ಇಳಿಯುವ ಆಳ ಬದಲಾಗುತ್ತಿತ್ತು. ಉಳಿದದ್ದು ಮೇಟಿ ಒತ್ತುವ ಕೈಯ ಲೆಕ್ಕ. ಕಲ್ಲು ಸಿಕ್ಕರೆ ಎತ್ತು ತಾನಾಗಿ ನಿಲ್ಲುತ್ತಿತ್ತು. ಇದು ತೀರಾ ಸಣ್ಣ ಸಂಗತಿ ಎನಿಸಬಹುದು. ಟ್ರ್ಯಾಕ್ಟರ್ ಬಂದಾಗ ಕಳೆದುಹೋದದ್ದು ಇದೇ.

ಮೊದಮೊದಲ ಟ್ರ್ಯಾಕ್ಟರುಗಳು ನೇಗಿಲನ್ನು ಸರಪಳಿಯಲ್ಲೋ ಕೊಕ್ಕೆಯಲ್ಲೋ ಎಳೆಯುತ್ತಿದ್ದವು. ಕಬ್ಬಿಣದ ಕುದುರೆಯ ಹಿಂದೆ ಒಂದು ಗಾಡಿ ಇದ್ದ ಹಾಗೆ. ಗುಳ ಭೂಮಿಯೊಳಗಿನ ಬೇರಿಗೋ ಬಂಡೆಗೋ ಸಿಕ್ಕಿ ನಿಂತರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಹಿಂದಿನ ಗಾಲಿ ಮುಂದೆ ಉರುಳಲಾಗದೆ, ಟ್ರ್ಯಾಕ್ಟರಿನ ಮೈಯೇ ಹಿಂದಿನ ಅಚ್ಚಿನ ಸುತ್ತ ತಿರುಗಿ, ಮೂತಿ ಮೇಲೆದ್ದು, ಚಾಲಕನ ಮೇಲೆ ಮಗುಚುತ್ತಿತ್ತು. ಹೆನ್ರಿ ಫೋರ್ಡರ ಅಗ್ಗದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಈ ಕೆಟ್ಟ ಹೆಸರು ಬಲವಾಗಿ ಅಂಟಿತ್ತು. ಹಾಗೆ ಸತ್ತ ರೈತರು ಒಬ್ಬಿಬ್ಬರಲ್ಲ.

ಈ ತೊಡಕಿಗೆ ಕೈ ಹಾಕಿದವರು ಐರ್ಲೆಂಡಿನ ಡೌನ್ ಕೌಂಟಿಯ ರೈತನ ಮಗ ಹ್ಯಾರಿ ಫರ್ಗುಸನ್. ಹುಟ್ಟಿದ್ದು 1884ರಲ್ಲಿ. ಹೊಲದ ಕೆಲಸ ಒಗ್ಗದೆ ಬೆಲ್‌ಫಾಸ್ಟಿನಲ್ಲಿ ಮೋಟಾರು ರಿಪೇರಿಗೆ ಸೇರಿ, 1909ರ ಕೊನೆಯ ದಿನ ತಾವೇ ಕಟ್ಟಿದ ವಿಮಾನ ಹಾರಿಸಿದ ಆಸಾಮಿ. ಮೊದಲ ಮಹಾಯುದ್ಧದಲ್ಲಿ ಆಹಾರದ ಕೊರತೆ ಬಿದ್ದಾಗ, 1917ರಲ್ಲಿ, ಐರ್ಲೆಂಡಿನ ಟ್ರ್ಯಾಕ್ಟರುಗಳ ಕೆಲಸ ಸುಧಾರಿಸಲು ಸರ್ಕಾರ ಅವರನ್ನು ಕೇಳಿಕೊಂಡಿತು. ಊರೂರು ತಿರುಗಿ ನೋಡಿದ ಫರ್ಗುಸನ್ನರಿಗೆ ಹೊಳೆದದ್ದು, ನೇಗಿಲು ಟ್ರ್ಯಾಕ್ಟರಿನ ಹಿಂದೆ ಬರುವ ಬೇರೆ ವಸ್ತುವಾಗಿ ಉಳಿಯಬಾರದು, ಎರಡೂ ಸೇರಿ ಒಂದೇ ಯಂತ್ರವಾಗಬೇಕು ಎಂದು.

ಅದನ್ನು ಸಾಧಿಸಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. ಕೊನೆಗೆ ನಿಂತ ರೂಪ ಇಂದಿಗೂ ಬದಲಾಗಿಲ್ಲ: ಕೆಳಗೆ ಎರಡು ತೋಳು, ಮೇಲೆ ನಡುವೆ ಒಂದು ಕೊಂಡಿ, ಒಟ್ಟು ಮೂರು ಪಿನ್ನು. ಕೆಳಗಿನ ತೋಳುಗಳು ಸಲಕರಣೆಯನ್ನು ಎಳೆಯುತ್ತವೆ. ಮಣ್ಣಿನ ತಡೆ ಹೆಚ್ಚಿದಂತೆ ನೇಗಿಲು ಮುಂದಕ್ಕೆ ವಾಲಲು ನೋಡುತ್ತದೆ, ಆಗ ಮೇಲಿನ ಕೊಂಡಿ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಮೂತಿ ಎದ್ದು ಮಗುಚಲು ಕಾರಣವಾಗುತ್ತಿದ್ದ ತಡೆಯೇ ಈಗ ಮೂತಿಯನ್ನು ಕೆಳಗೆ ಹಿಡಿಯುತ್ತದೆ. ಅದೇ ಒತ್ತಡವನ್ನು ಹೈಡ್ರಾಲಿಕ್ ವಾಲ್ವ್ ಗ್ರಹಿಸಿ, ಗಟ್ಟಿ ನೆಲ ಬಂದಾಗ ನೇಗಿಲನ್ನು ತುಸು ಎತ್ತಿ, ಮೆದುವಾದಾಗ ಇಳಿಸುತ್ತದೆ. ಮೇಟಿ ಹಿಡಿದ ಕೈ ಮಾಡುತ್ತಿದ್ದ ಕೆಲಸವನ್ನು ಎಣ್ಣೆ ವಹಿಸಿಕೊಂಡಿತು. ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಹಿಡಿತ ಹೆಚ್ಚುತ್ತದೆ, ಆದ್ದರಿಂದ ಹಗುರವಾದ ಸಣ್ಣ ಟ್ರ್ಯಾಕ್ಟರೂ ದೊಡ್ಡದರ ಕೆಲಸ ಮಾಡಬಲ್ಲದು. ಇಂದಿನ ಪುಟ್ಟ ಟ್ರ್ಯಾಕ್ಟರಿಗೆ ಜೀವ ಬಂದದ್ದು ಇಲ್ಲಿಂದ.

1938ರ ಅಕ್ಟೋಬರಿನಲ್ಲಿ ಫರ್ಗುಸನ್ ತಮ್ಮ ಟ್ರ್ಯಾಕ್ಟರನ್ನು ಹಡಗಿಗೇರಿಸಿ ಅಮೆರಿಕಕ್ಕೆ ಹೋದರು, ಡಿಯರ್‌ಬಾರ್ನಿನಲ್ಲಿ ಹೆನ್ರಿ ಫೋರ್ಡರ ಎದುರು ಉಳುಮೆ ತೋರಿಸಿದರು. ಆಮೇಲೆ ಕೀಲಿ ಕೊಡುವ ಆಟಿಕೆ ಟ್ರ್ಯಾಕ್ಟರ್ ಇಟ್ಟು ತತ್ತ್ವ ವಿವರಿಸಿದರು. ಇಬ್ಬರೂ ಕೈ ಕುಲುಕಿದರು. ಕಾಗದ ಇಲ್ಲ, ರುಜು ಇಲ್ಲ. ಆ ಕೈಕುಲುಕಿನಿಂದ 1939ರಲ್ಲಿ 9ಎನ್ ಟ್ರ್ಯಾಕ್ಟರ್ ಹೊರಬಂತು, ಬೆಲೆ 585 ಡಾಲರ್. ಮೊಮ್ಮಗ ಎರಡನೆಯ ಹೆನ್ರಿ ಫೋರ್ಡ್ ಅಧಿಕಾರಕ್ಕೆ ಬಂದು ಲೆಕ್ಕ ತೆಗೆದಾಗ ಆ ವ್ಯವಹಾರದಲ್ಲಿ ನಷ್ಟ ಕಂಡಿತು, ಒಪ್ಪಂದ ಮುರಿಯಿತು, ಆದರೆ ಹೊಸ ಫೋರ್ಡ್ ಟ್ರ್ಯಾಕ್ಟರಿನಲ್ಲೂ ಫರ್ಗುಸನ್ ಪದ್ಧತಿ ಮುಂದುವರಿಯಿತು. ಫರ್ಗುಸನ್ 25 ಕೋಟಿ ಡಾಲರಿಗೂ ಮೀರಿದ ದಾವೆ ಹೂಡಿದರು. ನಾಲ್ಕು ವರ್ಷ ಜಗ್ಗಾಡಿ 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಗೆದ್ದರೋ ಸೋತರೋ ಹೇಳುವುದು ಕಷ್ಟ. ಪೇಟೆಂಟುಗಳ ಅವಧಿ ಮುಗಿಯುತ್ತಿದ್ದಂತೆ ಮೂರು ಪಿನ್ನು ಎಲ್ಲ ಕಂಪನಿಗಳ ಸ್ವತ್ತಾಯಿತು, ಅಳತೆಗಳು ಅಂತಾರಾಷ್ಟ್ರೀಯ ಮಾನಕಗಳಾದವು. ಅವರಿಗೆ ಕೈ ತಪ್ಪಿದ್ದು ರೈತರಿಗೆ ದಕ್ಕಿತು ಎನ್ನಬೇಕು.

ಭಾರತಕ್ಕೆ ಈ ಕಥೆ ಬಂದದ್ದು ಈ ಪತ್ರಿಕೆಯ ಓದುಗರು ಇಂದು ಓಡಾಡುವ ಊರುಗಳ ಮೂಲಕವೇ. 1959ರಲ್ಲಿ ದೆಹಲಿಯ ಪಕ್ಕದ ಫರೀದಾಬಾದಿನಲ್ಲಿ ಐಷರ್, 1960ರ ದಶಕದ ಮೊದಲ ವರ್ಷಗಳಲ್ಲಿ ಚೆನ್ನೈನ ಸೆಂಬಿಯಮ್ಮಿನಲ್ಲಿ ಮ್ಯಾಸಿ ಫರ್ಗುಸನ್ ಹೆಸರು ಹೊತ್ತ ಟಾಫೆ, ಮುಂಬಯಿಯ ಕಾಂದಿವಲಿಯಲ್ಲಿ ಮಹೀಂದ್ರಾ ಮತ್ತು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿದ ಕಾರ್ಖಾನೆ. ಬೆಂಗಳೂರು ಮಾತ್ರ ಬೇರೆ ದಾರಿ ಹಿಡಿಯಿತು. ಅಲ್ಲಿನ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ತಯಾರಿಸಿತು. ಜಪಾನಿನ ಗದ್ದೆಗಳೂ ಮಲೆನಾಡಿನ ಗದ್ದೆಗಳ ಹಾಗೆ ಚಿಕ್ಕವು. ಅಲ್ಲಿನ ಟಿಲ್ಲರುಗಳು ಬೆಳೆದು ನಾಲ್ಕು ಗಾಲಿಯ ಸಣ್ಣ ಟ್ರ್ಯಾಕ್ಟರುಗಳಾದವು, ವಿ.ಎಸ್.ಟಿ.ಯ 18.5 ಅಶ್ವಶಕ್ತಿಯ ಮಾದರಿಯೂ ಅದೇ ವಂಶದ್ದು. ದಕ್ಷಿಣ ಕರ್ನಾಟಕದ ಮಾತಿನಲ್ಲಿ ‘ಟಿಲ್ಲರ್ ಹೊಡೆಸೋದು’ ಎಂಬ ಕ್ರಿಯಾಪದ ನೆಲೆಸಿದ್ದು ಹೀಗೆ.

ರೋಟವೇಟರಿನ ಮೂಲ ಆಸ್ಟ್ರೇಲಿಯಾ. ನ್ಯೂ ಸೌತ್ ವೇಲ್ಸಿನ ಗಿಲ್ಗಾಂಡ್ರದ ಹೊಲದಲ್ಲಿ 1912ರಲ್ಲಿ ಕ್ಲಿಫರ್ಡ್ ಹೋವರ್ಡ್ ಎಂಬ ಹತ್ತೊಂಬತ್ತರ ಹುಡುಗ, ಎಂಜಿನ್ನಿನ ಶಕ್ತಿಯನ್ನು ಬರೀ ಎಳೆಯಲು ಬಳಸದೆ ಮಣ್ಣು ಕಡಿಯಲು ಬಳಸಿದರೆ ಹೇಗೆಂದು ಪ್ರಯೋಗ ಮಾಡಿದ. ಮೊದಲು ಮಣ್ಣು ಪಕ್ಕಕ್ಕೆ ಚಿಮ್ಮಿತು. ಅಲಗನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಬಗ್ಗಿಸಿದಾಗ ದಾರಿ ಸಿಕ್ಕಿತು, 1920ರಲ್ಲಿ ಪೇಟೆಂಟ್ ಬಂತು. ಇಂದು ಹೊಸ ಜಮೀನಿನವರು ಮೊದಲು ಕೊಳ್ಳುವುದು ಇದನ್ನೇ, ಏಕೆಂದರೆ ಒಂದೇ ಸುತ್ತಿಗೆ ಹೊಲ ರವೆಯಂತೆ ಕಾಣುತ್ತದೆ. ಆದರೆ ಹಾಳುಬಿದ್ದ ನೆಲದಲ್ಲಿ ಮೊದಲ ವರ್ಷ ರೋಟವೇಟರ್ ಇಳಿಸುವುದು ದುಡುಕು. ಕಲ್ಲು ಬಡಿದು ಅಲಗು ಮುರಿಯುತ್ತದೆ, ಗರಿಕೆಯ ಬೇರು ತುಂಡುತುಂಡಾಗಿ ಹೊಲವೆಲ್ಲ ಹರಡಿ ಪ್ರತಿ ತುಂಡೂ ಚಿಗುರುತ್ತದೆ, ವರ್ಷವರ್ಷವೂ ಅದೇ ಆಳದಲ್ಲಿ ಹೊಡೆದರೆ ಅಡಿಯಲ್ಲಿ ನೀರು ಇಂಗದ ಗಟ್ಟಿ ಪದರ ಕೂರುತ್ತದೆ. ಮೊದಲಿಗೆ ಕಲ್ಟಿವೇಟರ್ ಸಾಕು. ಕಲ್ಲು ಮೇಲೆ ಬರುತ್ತದೆ, ಬೇರು ಇಡಿಯಾಗಿ ಹೊರಬಂದು ಬಿಸಿಲಿಗೆ ಒಣಗುತ್ತದೆ. ಜೊತೆಗೊಂದು ಟ್ರೇಲರ್ ಇದ್ದರೆ ಆ ಕಲ್ಲನ್ನು ಬದುವಿಗೆ ಸಾಗಿಸಬಹುದು. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಬೈರಿಗೆ, ಪಲ್ಟಿ ನೇಗಿಲುಗಳನ್ನು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಪಕ್ಕದ ಊರಿನವರಿಂದಲೋ ಬಾಡಿಗೆಗೆ ತರುವುದೇ ಲೇಸು.

ಕೊಳ್ಳುವ ಮುನ್ನ ಟೇಪು ಹಿಡಿದು ಹೋಗುವುದು ಒಳ್ಳೆಯದು. ಒಂದನೇ ಕೆಟಗರಿಯಲ್ಲಿ ಕೆಳಗಿನ ಪಿನ್ನು 22 ಮಿಲಿಮೀಟರ್, ಮೇಲಿನದು 19, ಕೆಳಗಿನ ಎರಡರ ನಡುವಿನ ಅಂತರ 683. ಕಿರಿದಾದ 1ಎನ್ ಮಾದರಿಯಲ್ಲಿ ಪಿನ್ನು ಅದೇ, ಅಂತರ 400 ಮಾತ್ರ. ಎರಡನ್ನೂ ಕಣ್ಣಳತೆಯಲ್ಲಿ ಒಂದೇ ಎಂದುಕೊಂಡವರು ಸಲಕರಣೆಯನ್ನು ಮನೆಗೆ ತಂದು ಮತ್ತೆ ವೆಲ್ಡಿಂಗ್ ಅಂಗಡಿಗೆ ಹೊರುತ್ತಾರೆ. ಎಷ್ಟು ಕೆ.ಜಿ. ಎತ್ತಬಲ್ಲದು ಎಂಬ ಅಂಕಿಯನ್ನು ಅಶ್ವಶಕ್ತಿಯಷ್ಟೇ ಗಮನವಿಟ್ಟು ಓದಬೇಕು. ಹಿಂದೆ ಭಾರ ಹೆಚ್ಚಾದರೆ ಪುಟ್ಟ ಟ್ರ್ಯಾಕ್ಟರಿನ ಮುಂದಿನ ಗಾಲಿ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ.

ನೀಲಗಿರಿ ಬೊಡ್ಡೆಗಳಿರುವ ಜಮೀನು ಕೊಂಡವರು ಇನ್ನೊಂದು ಕೆಲಸಕ್ಕೆ ಕೈ ಹಾಕುತ್ತಾರೆ, ಸರಪಳಿ ಕಟ್ಟಿ ಬೊಡ್ಡೆ ಕೀಳುವುದು. ಮೇಲಿನ ಕೊಂಡಿಯ ಜಾಗ ಕೈಗೆ ಹತ್ತಿರ ಎಂದು ಅಲ್ಲಿಗೇ ಸರಪಳಿ ಸಿಕ್ಕಿಸಿದರೆ ಫರ್ಗುಸನ್ ಪದ್ಧತಿಯ ರಕ್ಷಣೆ ಅಲ್ಲಿಗೆ ಮುಗಿಯಿತು. ಅದು ಮತ್ತೆ ನೂರು ವರ್ಷದ ಹಿಂದಿನ ಫೋರ್ಡ್‌ಸನ್ನೇ. ಮೂತಿ ಎದ್ದು ಮಗುಚುವುದಕ್ಕೆ ಎರಡು ಸೆಕೆಂಡೂ ಬೇಡ, ಕ್ಲಚ್ ಒತ್ತಲು ಕಾಲು ಏಳುವಷ್ಟರಲ್ಲಿ ಆಗಿಹೋಗಿರುತ್ತದೆ. ಸರಪಳಿಯನ್ನು ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೇ ಕಟ್ಟಬೇಕು. ಇಲ್ಲವೇ ಬೊಡ್ಡೆಯ ಕೆಲಸವನ್ನು ಜೆಸಿಬಿಗೆ ಬಿಟ್ಟು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡಬೇಕು.