3 ಗೆಲುವು, 25 ಸೋಲು

2007ರ ಸೀಸನ್ ಮುಗಿದಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪುರುಷರ ವಾಲಿಬಾಲ್ ತಂಡದ ಲೆಕ್ಕ ಹೀಗಿತ್ತು: ಆಡಿದ್ದು 28 ಪಂದ್ಯ, ಗೆದ್ದದ್ದು 3. ಜಾನ್ ಕಾಸ್ಟಿ ಅವರಿಗೆ ಮುಖ್ಯ ಕೋಚ್ ಆಗಿ ಅದೇ ಮೊದಲ ವರ್ಷ. ಅದಕ್ಕೂ ಮೊದಲು ಅದೇ ತಂಡದಲ್ಲಿ ಸಹಾಯಕರಾಗಿದ್ದವರು ಅವರು. ಹೊರಗಿನಿಂದ ಬಂದವರಾಗಿದ್ದರೆ ಹಿಂದಿನವರ ಮೇಲೆ ಹೊರೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಮನೆಯೊಳಗಿನವರಿಗೆ ಆ ಅನುಕೂಲ ಇರಲಿಲ್ಲ.

ಸೋಲು ಎದ್ದು ಕಾಣಲು ಇನ್ನೊಂದು ಕಾರಣವಿತ್ತು. ಸ್ಟ್ಯಾನ್‌ಫರ್ಡ್ ಎಂದರೆ ಓದಿಗೆ ಎಷ್ಟು ಹೆಸರೋ ಆಟಕ್ಕೂ ಅಷ್ಟೇ ಹೆಸರು. ಈಜು, ಟೆನಿಸ್, ಮಹಿಳೆಯರ ವಾಲಿಬಾಲ್ ಹೀಗೆ ಹತ್ತಾರು ಆಟಗಳಲ್ಲಿ ರಾಷ್ಟ್ರೀಯ ಪ್ರಶಸ್ತಿಗಳು ಅಲ್ಲಿ ಸಾಲುಗಟ್ಟಿವೆ. ಪುರುಷರ ವಾಲಿಬಾಲ್ ತಂಡವೂ 1997ರಲ್ಲಿ ರೂಬೆನ್ ನೀವ್ಸ್ ಅವರ ಮಾರ್ಗದರ್ಶನದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಕಾಸ್ಟಿಗಿಂತ ಹಿಂದೆ ಮುಖ್ಯ ಕೋಚ್ ಆಗಿದ್ದವರು ಡಾನ್ ಶಾ. ಅದೇ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. ಹತ್ತೇ ವರ್ಷಗಳಲ್ಲಿ ತಂಡ ಶಿಖರದಿಂದ ತಳಕ್ಕೆ ಬಂದು ನಿಂತಿತ್ತು.

ಕಾಲೇಜು ತಂಡವೊಂದನ್ನು ಮತ್ತೆ ಕಟ್ಟುವುದು ಕ್ಲಬ್ ತಂಡ ಕಟ್ಟಿದಂತಲ್ಲ. ಕ್ಲಬ್ಬಿನಲ್ಲಿ ದುಡ್ಡಿದ್ದರೆ ಆಟಗಾರರನ್ನು ಕೊಳ್ಳಬಹುದು. ನಮ್ಮಲ್ಲಿ ರೈಲ್ವೆಯೋ ಪೊಲೀಸ್ ಇಲಾಖೆಯೋ ಕೆಲಸ ಕೊಟ್ಟು ಒಳ್ಳೆಯ ಆಟಗಾರನನ್ನು ಉಳಿಸಿಕೊಳ್ಳಬಹುದು. ಅಮೆರಿಕದ ಕಾಲೇಜು ಕೋಚ್‌ಗೆ ಆ ದಿನಗಳಲ್ಲಿ ಇದ್ದದ್ದು ಸ್ಕಾಲರ್‌ಶಿಪ್ ಮಾತ್ರ. ಪುರುಷರ ವಾಲಿಬಾಲ್‌ನಲ್ಲಿ ಆಗ ಅದರ ಮಿತಿ ಇಡೀ ತಂಡಕ್ಕೆ ನಾಲ್ಕೂವರೆ. ಹದಿನೈದು ಇಪ್ಪತ್ತು ಹುಡುಗರಿಗೆ ಅದನ್ನೇ ಹಂಚಬೇಕಿತ್ತು. ಮಹಿಳೆಯರ ತಂಡಕ್ಕೆ ಅದೇ ಕಾಲದಲ್ಲಿ 12 ಇತ್ತು.

ಈ ಅಂತರಕ್ಕೂ ಒಂದು ಚರಿತ್ರೆಯಿದೆ. 1972ರ ‘ಟೈಟಲ್ ನೈನ್’ ಕಾನೂನು ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂದಿತು. ಅದರಿಂದ ಮಹಿಳೆಯರ ಆಟಗಳಿಗೆ ನ್ಯಾಯವಾಗಿ ಸಿಗಬೇಕಾದ ಪಾಲು ಸಿಗತೊಡಗಿತು. ಗಂಡಸರ ಪಾಲಿನಲ್ಲಿ ದೊಡ್ಡ ತುತ್ತನ್ನು ಅಮೆರಿಕನ್ ಫುಟ್‌ಬಾಲ್ ಒಂದೇ ನುಂಗುತ್ತಿತ್ತು. ಅಗ್ರ ಶ್ರೇಣಿಯ ಫುಟ್‌ಬಾಲ್ ತಂಡವೊಂದಕ್ಕೆ ಆಗ 85 ಸ್ಕಾಲರ್‌ಶಿಪ್ ಇತ್ತು. ಮಿಕ್ಕದ್ದರಲ್ಲಿ ವಾಲಿಬಾಲ್, ಕುಸ್ತಿ, ಜಿಮ್ನಾಸ್ಟಿಕ್ಸ್ ಬದುಕಬೇಕಿತ್ತು.

ಇದರ ಜೊತೆಗೆ ಪ್ರವೇಶದ ಜರಡಿ. ಎಷ್ಟೇ ಎತ್ತರ ಜಿಗಿದರೂ ಅಂಕಗಳು ಸಾಲದ ಹುಡುಗನಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಜಾಗವಿಲ್ಲ. ಹಾಗಾಗಿ ಕೋಚ್‌ನ ಅರ್ಧ ಕೆಲಸ ನಡೆಯುವುದು ಅಂಗಳದಲ್ಲಿ ಅಲ್ಲ, ಹೈಸ್ಕೂಲು ಹುಡುಗರ ಮನೆಗಳಲ್ಲಿ. 25 ಪಂದ್ಯ ಸೋತ ತಂಡಕ್ಕೆ ಬಾ ಎಂದು ಹದಿನೇಳು ವರ್ಷದವನನ್ನೂ ಅವನ ತಂದೆತಾಯಿಯನ್ನೂ ಒಪ್ಪಿಸಬೇಕು.

ಕಾಸ್ಟಿ ಅವರ ತಂಡದ ಬೆನ್ನೆಲುಬು ಬಂದದ್ದು ಹವಾಯಿಯಿಂದ. ಅಲ್ಲಿ ವಾಲಿಬಾಲ್ ಮನೆಮನೆಯ ಆಟ. ಹವಾಯಿ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು 1975ರಿಂದ 42 ಸೀಸನ್ ನಡೆಸಿ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದ ಡೇವ್ ಶೋಜಿ ಅವರ ಹಿರಿಯ ಮಗ ಕವಿಕಾ ಶೋಜಿ ಆ 3–25ರ ವರ್ಷವೇ ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲ ವರ್ಷದ ಆಟಗಾರ. ಮುಂದಿನ ವರ್ಷ ಸ್ಪೆನ್ಸರ್ ಮೆಕ್ಲಾಕ್ಲಿನ್ ಬಂದರು. 2009ಕ್ಕೆ ಕವಿಕಾರ ತಮ್ಮ ಎರಿಕ್ ಮತ್ತು ಬ್ರಾಡ್ ಲಾಸನ್ ಸೇರಿಕೊಂಡರು. ನಾಲ್ವರೂ ಹೊನೊಲುಲುವಿನ ಶಾಲೆಗಳಲ್ಲಿ ಆಡಿ ಬೆಳೆದವರು.

ವಾಲಿಬಾಲ್ ಆಡಿದವರಿಗೆ ಗೊತ್ತು, ಚಪ್ಪಾಳೆ ಸಿಗುವುದು ಸ್ಮ್ಯಾಶ್‌ಗೆ, ಪಂದ್ಯ ನಿಲ್ಲುವುದು ಮೊದಲ ಪಾಸ್ ಮೇಲೆ. ಎದುರಾಳಿಯ ಸರ್ವ್ ಸರಿಯಾಗಿ ಸೆಟರ್ ಕೈಗೆ ಬಂದರೆ ಮೂರು ದಿಕ್ಕಿಗೂ ದಾಳಿ ತೆರೆದಿರುತ್ತದೆ. ಪಾಸ್ ಎತ್ತೆತ್ತಲೋ ಹೋದರೆ ಉಳಿಯುವುದು ಒಂದೇ ದಾರಿ, ಅಲ್ಲಿ ಇಬ್ಬರು ಮೂವರು ಬ್ಲಾಕರ್‌ಗಳು ಕೈಯೆತ್ತಿ ಕಾದಿರುತ್ತಾರೆ. ಕಾಸ್ಟಿ ಅವರ ತಂಡದಲ್ಲಿ ಈ ಎರಡು ಕೊಂಡಿಗಳೂ ಅಣ್ಣತಮ್ಮಂದಿರ ಕೈಯಲ್ಲಿದ್ದವು. ಅಣ್ಣ ಸೆಟರ್, ತಮ್ಮ ಲಿಬೆರೊ. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಲಿಬೆರೊಗೆ ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆದು ದಾಳಿ ಮಾಡುವ ಅವಕಾಶವಿಲ್ಲ. ಆದರೂ ಎರಿಕ್ ತಮ್ಮ ನಾಲ್ಕೂ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಮೊದಲ ಪಟ್ಟಿಯಲ್ಲಿದ್ದರು.

2010ರಲ್ಲಿ ತಂಡ 24 ಪಂದ್ಯ ಗೆದ್ದು 6ರಲ್ಲಷ್ಟೇ ಸೋತಿತು. ರಾಷ್ಟ್ರೀಯ ಟೂರ್ನಿಗೆ ಆಗ ನಾಲ್ಕೇ ತಂಡಗಳಿಗೆ ಪ್ರವೇಶ. ಅಂತಿಮ ಪಂದ್ಯ ಸ್ಟ್ಯಾನ್‌ಫರ್ಡ್‌ನ ಸ್ವಂತ ಅಂಗಳ ಮೇಪಲ್ಸ್ ಪೆವಿಲಿಯನ್‌ನಲ್ಲಿ, ಎದುರಿಗೆ ಎರಡು ವರ್ಷದ ಹಿಂದೆ ಚಾಂಪಿಯನ್ ಆಗಿದ್ದ ಪೆನ್ ಸ್ಟೇಟ್. ಫಲಿತಾಂಶ 30–25, 30–20, 30–18. ಕವಿಕಾ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿದರು. ಮೊದಲ ವರ್ಷ 25 ಸೋಲು ಉಂಡ ಹುಡುಗರೇ ಕೊನೆಯ ವರ್ಷ ಟ್ರೋಫಿ ಎತ್ತಿದರು. ಇಲ್ಲಿ ಗಮನಿಸಬೇಕಾದದ್ದು ಇಬ್ಬರ ತಾಳ್ಮೆ. 3–25ರ ನಂತರವೂ ವಿಶ್ವವಿದ್ಯಾಲಯ ಕೋಚ್‌ನನ್ನು ಬದಲಿಸಲಿಲ್ಲ. ಕೋಚ್ ಹಳೆಯ ಹುಡುಗರನ್ನು ಪಕ್ಕಕ್ಕೆ ತಳ್ಳಿ ಹೊಸಬರ ಮೇಲಷ್ಟೇ ತಂಡ ಕಟ್ಟಲಿಲ್ಲ.

2014ರಲ್ಲಿ ಕಾಸ್ಟಿ ಮತ್ತೆ ತಂಡವನ್ನು ಫೈನಲ್‌ಗೆ ಒಯ್ದರು, ಅಲ್ಲಿ ಲೊಯೋಲಾ ಎದುರು ಸೋತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಶೋಜಿ ಸಹೋದರರಿಬ್ಬರೂ ಕಂಚು ಗೆದ್ದ ಅಮೆರಿಕ ತಂಡದಲ್ಲಿದ್ದರು.

ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಗೊತ್ತಾದದ್ದು 2020ರ ಜುಲೈ 8ರಂದು. ಕೋವಿಡ್ ಕಾಲದ ಕೊರತೆಯನ್ನು ಮುಂದಿಟ್ಟು ಸ್ಟ್ಯಾನ್‌ಫರ್ಡ್ ತನ್ನ 36 ಆಟಗಳಲ್ಲಿ 11ನ್ನು ಮುಂದಿನ ಸೀಸನ್ ನಂತರ ಮುಚ್ಚುವುದಾಗಿ ಪ್ರಕಟಿಸಿತು. ಪುರುಷರ ವಾಲಿಬಾಲ್ ಆ ಪಟ್ಟಿಯಲ್ಲಿತ್ತು. ಸೋಲಿಗೆ ಔಷಧಿ ಅಭ್ಯಾಸ. ಲೆಕ್ಕಪತ್ರದ ತೀರ್ಮಾನಕ್ಕೆ ಅಂಗಳದಲ್ಲಿ ಉತ್ತರವಿಲ್ಲ. ಹಳೆಯ ವಿದ್ಯಾರ್ಥಿಗಳು ಒಟ್ಟಾಗಿ ಹಣ ಸಂಗ್ರಹಿಸಿದರು, ಅರ್ಜಿ ಬರೆದರು. ಆಟಗಾರರು ಕೋರ್ಟಿಗೂ ಹೋದರು. 2021ರ ಮೇ 18ರಂದು ವಿಶ್ವವಿದ್ಯಾಲಯ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಹನ್ನೊಂದೂ ಆಟಗಳು ಉಳಿದವು.

ಕೋಚ್‌ಗಳ ಚರಿತ್ರೆಯನ್ನು ಸಾಮಾನ್ಯವಾಗಿ ಟ್ರೋಫಿಗಳ ಲೆಕ್ಕದಲ್ಲಿ ಬರೆಯುತ್ತಾರೆ. ಆ ಲೆಕ್ಕದಲ್ಲಿ ಕಾಸ್ಟಿ ಮುಖ್ಯ ಕೋಚ್ ಆಗಿ ಗೆದ್ದ ರಾಷ್ಟ್ರೀಯ ಪ್ರಶಸ್ತಿ ಒಂದೇ. ಆದರೆ ಬಾಗಿಲು ಹಾಕುವ ದಿನ ಬಂದಾಗ ಬಾಗಿಲಿಗೆ ಅಡ್ಡ ನಿಲ್ಲುವಷ್ಟು ಜನ ಆ ತಂಡಕ್ಕಿದ್ದರು. 3–25ರ ವರ್ಷದಲ್ಲಿ ಅಂಥದ್ದೊಂದು ದಿನ ಬಂದಿದ್ದರೆ ಅಷ್ಟು ಜನ ಸೇರುತ್ತಿದ್ದರೇ ಎಂಬುದು ಕೇಳಬೇಕಾದ ಪ್ರಶ್ನೆ.